ಬರ್ಟೀನಳ ಬರಿಗೈ

ನಮ್ಮ ಹೈಡರೋಡ್ ಹಳ್ಳಿಯಲ್ಲಿ ಹಂದಿ ಸಾಕುವವರಿಗೆ ಒಂದು ವಿಶೇಷ ಸವಲತ್ತಿದೆ. ಕಾಲು ಮುರಿಯಿತೆಂದೋ ಪಿತ್ತಕೋಶದಲ್ಲಿ ಕಲ್ಲಾಯಿತೆಂದೋ ನಗರದ ದೊಡ್ಡಾಸ್ಪತ್ರೆಗೆ ಹೋದರೆ, ಊರಿನ ಬೇಕರಿಯವನೂ ಶಾಲೆಯ ಮೇಷ್ಟರೂ ನಾಲ್ಕು ಮಂಚದ ಕೋಣೆಯಲ್ಲಿ ಒಬ್ಬರ ಗೊರಕೆಯನ್ನು ಒಬ್ಬರು ಕೇಳುತ್ತ ಬಿದ್ದಿರುವಾಗ, ಹಂದಿಯವರಿಗೆ ಮಾತ್ರ ಒಂಟಿ ಕೋಣೆ, ಸ್ವಂತ ಕಕ್ಕಸು, ಒಂದರ ಹಿಂದೊಂದು ಎರಡು ಬಾಗಿಲು. ಬಾಗಿಲ ಬಳಿ ಕೂತ ಹುಡುಗಿ ಹೆಸರು ಬರೆದುಕೊಂಡ ಮೇಲೆ ಎಲ್ಲಿ ನೋವು ಎಂದು ಕೇಳುವುದಿಲ್ಲ, ಮನೆಯಲ್ಲಿ ಹಂದಿ ಇದೆಯೇ ಎಂದು ಕೇಳುತ್ತಾಳೆ. ಇದೆ ಎಂದರೆ ಮುಗಿಯಿತು. ಮೂಗಿನೊಳಗೆ ಹತ್ತಿಯ ಕಡ್ಡಿ ತೂರಿಸಿ ತಿರುಗಿಸಿ ತೆಗೆಯುತ್ತಾರೆ. ಆಮೇಲೆ ಒಳಗೆ ಬರುವವರೆಲ್ಲ ಹಳದಿ ನಿಲುವಂಗಿ, ಗ್ಲೌಸ್, ಮಾಸ್ಕ್ ಹಾಕಿಕೊಂಡೇ ಬರುತ್ತಾರೆ.

ಬರ್ಟೀನ್ ಒಂದು ಚಳಿಗಾಲದಲ್ಲಿ ಅಂಗಳದ ಮಂಜುಗಡ್ಡೆಯ ಮೇಲೆ ಜಾರಿ ಮಣಿಕಟ್ಟು ಮುರಿದುಕೊಂಡಾಗ ಅವಳಿಗೂ ಈ ಮರ್ಯಾದೆ ಸಿಕ್ಕಿತ್ತು. ಗಂಡ ದ್ರೀಕ್ ಆ ಹಳದಿ ವೇಷದಲ್ಲಿ ಮಂಚದ ಪಕ್ಕ ಕೂತು ಮಾಸ್ಕಿನೊಳಗಿಂದ ಗೊಣಗಿದ್ದ.

"ಮನೇಲಿ ಒಂದೇ ಹಾಸಿಗೇಲಿ ಮಲಗ್ತೀವಿ. ಇಲ್ಲಿ ನಿನ್ನ ಮುಟ್ಟಕ್ಕೆ ಗ್ಲೌಸು. ಇದೇನೇ ಇದು?"

"ಹಾಕ್ಕೊ, ಹಾಕ್ಕೊ. ಮದುವೆ ಆದಾಗಿಂದ ಇವತ್ತೇ ನಿನ್ನ ಕೈ ಕ್ಲೀನಾಗಿರೋದು," ಎಂದಿದ್ದಳು ಬರ್ಟೀನ್.

ಅವಳ ಮೂಗಿನಲ್ಲಿ ಹಂದಿಯ ಕ್ರಿಮಿ ಇತ್ತು. ದ್ರೀಕನ ಮೂಗಿನಲ್ಲೂ ಇತ್ತು. ನಮ್ಮ ಪೇಲ್ ಸೀಮೆಯಲ್ಲಿ ಕೊಟ್ಟಿಗೆಗೆ ಹೋಗಿ ಬರುವ ಹೆಚ್ಚಿನವರ ಮೂಗಿನಲ್ಲಿ ಅದಿದೆ. ಕೊಟ್ಟಿಗೆಯ ದೂಳಿನಲ್ಲಿ ತೇಲಿಕೊಂಡು ಬಂದು ಮೂಗಿನಲ್ಲಿ ಮನೆ ಮಾಡುತ್ತದೆ. ಗಟ್ಟಿಮುಟ್ಟಾಗಿರುವವರಿಗೆ ಅದರಿಂದ ಒಂದು ಸೀನೂ ಬರುವುದಿಲ್ಲ. ಆದರೆ ಕೊಯ್ದ ಗಾಯಕ್ಕೋ ಎಳೆ ಕೂಸಿನ ರಕ್ತಕ್ಕೋ ಇಳಿದರೆ ಅದರ ಗುಣ ಬೇರೆ. ಮಿಕ್ಕ ಕ್ರಿಮಿಗಳು ಹೆದರಿ ಓಡುವ ಆಂಟಿಬಯಾಟಿಕ್ ಯಾವುದಕ್ಕೂ ಇದು ಜಗ್ಗುವುದಿಲ್ಲ. ಇದೆಲ್ಲ ಬರ್ಟೀನಳಿಗೆ ಗೊತ್ತಿತ್ತು. ಗೊತ್ತಿದ್ದೂ ನಗುತ್ತಿದ್ದಳು, ಏಕೆಂದರೆ ಅದರಿಂದ ಅವಳಿಗೆ ಅಲ್ಲಿಯವರೆಗೆ ನಷ್ಟವಾಗಿದ್ದು ಏನೂ ಇರಲಿಲ್ಲ.

ಬರ್ಟೀನಳ ಕೈ ಚಿಕ್ಕದು. ಅದನ್ನು ಹೇಳದೆ ಅವಳ ಕತೆ ಹೇಳಲಾಗದು. ಜೌಗು ನೆಲದ ಕಪ್ಪು ಮಣ್ಣನ್ನು ಇಟ್ಟಿಗೆಯಂತೆ ಕಡಿದು ಒಣಗಿಸಿ ಉರುವಲಿಗೆ ಮಾರುತ್ತಿದ್ದ ಮನೆತನ ಅವಳದು. ಅಲ್ಲಿ ಎಲ್ಲರದೂ ಸಲಿಕೆಯಂಥ ಕೈ. ಇವಳ ಕೈ ನೋಡಿ ತಾಯಿ, "ಇದು ಆಲೂಗಡ್ಡೆ ಕೀಳಕ್ಕೂ ಆಗಲ್ಲ, ಪಿಯಾನೊ ನುಡಿಸೋಣ ಅಂದ್ರೆ ನಮ್ಮನೇಲಿ ಪಿಯಾನೊನೂ ಇಲ್ಲ," ಎಂದು ಹಲುಬುತ್ತಿದ್ದಳು. ದ್ರೀಕ್ ಮೊದಲ ಸಲ ಅವಳನ್ನು ತನ್ನ ಮನೆಗೆ ಕಾಫಿಗೆ ಕರೆದುಕೊಂಡು ಹೋದಾಗ ಅವನ ಅಪ್ಪ ಅವಳ ಮುಖವನ್ನೇ ಸರಿಯಾಗಿ ನೋಡಲಿಲ್ಲ. ಅವಳ ಬಲಗೈ ಹಿಡಿದು, ಬೆರಳುಗಳನ್ನು ಒಟ್ಟಿಗೆ ಸೇರಿಸಿ, ಮೇಲೆ ಕೆಳಗೆ ತಿರುಗಿಸಿ ನೋಡಿದ.

"ಈ ಕೈ ಒಳಗೆ ಹೋಗುತ್ತೆ," ಎಂದ ಮಗನಿಗೆ. "ಇವಳನ್ನ ಬಿಡಬೇಡ."

ಮದುವೆಯ ಮಾತುಕತೆ ಅಷ್ಟೇ. ಹೆಣ್ಣು ಹಂದಿಯ ಹೆರಿಗೆ ಕಷ್ಟವಾದರೆ ಯಾರಾದರೂ ಕೈ ಒಳಗೆ ಹಾಕಿ ಮರಿಯನ್ನು ಹೊರಗೆ ತರಬೇಕು. ದ್ರೀಕನ ಮನೆಯ ಗಂಡಸರ ಕೈ ಅದಕ್ಕೆ ಬಾರದು. ಬರ್ಟೀನ್ ಬಂದ ಮೇಲೆ ಆ ಮನೆಯ ಹೆರಿಗೆ ಕೊಟ್ಟಿಗೆ ಅವಳದಾಯಿತು. ದ್ರೀಕ್ ಮೇವು, ಗೊಬ್ಬರ, ಮಾರಾಟ ನೋಡಿಕೊಂಡ. ಇವಳು ಮಂಡಿಯೂರಿ, ಮೊಣಕೈವರೆಗೆ ಎಣ್ಣೆ ಹಚ್ಚಿ, ಕಣ್ಣು ಮುಚ್ಚಿಕೊಂಡು ಒಳಗಿನ ಮರಿಯ ಕಾಲು ಯಾವುದು ಮೂತಿ ಯಾವುದು ಎಂದು ಬೆರಳಿನಲ್ಲೇ ಕಂಡುಹಿಡಿದಳು. ಅಕ್ಕಪಕ್ಕದ ಮನೆಗಳವರೂ ಅವಳನ್ನು ಕರೆಸಿಕೊಳ್ಳತೊಡಗಿದರು.

ಅವಳ ಕೈಗಿಂತ ದೊಡ್ಡ ಹೆಸರು ಅವಳ ಉಸಿರಿನದು. ಕೆಲವು ಮರಿಗಳು ಹೊರಗೆ ಬಿದ್ದಾಗ ಒದ್ದೆ ಬಟ್ಟೆಯ ಹಾಗೆ ಜೋತಾಡುತ್ತವೆ. ಬಾಯಲ್ಲಿ ಲೋಳೆ, ಎದೆಯಲ್ಲಿ ಚಲನೆಯಿಲ್ಲ. ಹಿಂಗಾಲು ಹಿಡಿದು ಒಮ್ಮೆ ಬೀಸುತ್ತಾರೆ, ಹುಲ್ಲಿನಿಂದ ಉಜ್ಜುತ್ತಾರೆ, ಬರಲಿಲ್ಲವೆಂದರೆ ಬಕೆಟ್ಟಿಗೆ ಎಸೆಯುತ್ತಾರೆ. ಬರ್ಟೀನ್ ಎಸೆಯುತ್ತಿರಲಿಲ್ಲ. ಲೋಳೆ ಒರೆಸಿ, ಆ ಪುಟ್ಟ ಮೂತಿಯನ್ನು ಬಾಯಲ್ಲಿಟ್ಟುಕೊಂಡು ಮೆಲ್ಲಗೆ ಊದುತ್ತಿದ್ದಳು. ಜೋರಾಗಿ ಊದಿದರೆ ಶ್ವಾಸಕೋಶ ಹರಿಯುತ್ತದೆ. ಬಿಸಿ ಕಾಫಿಯನ್ನು ಆರಿಸುವಾಗ ಊದುವಷ್ಟು ಸಾಕು. ಸ್ವಲ್ಪ ಹೊತ್ತಿಗೆ ಮರಿ ಸೀನುತ್ತಿತ್ತು. ಆ ಸೀನು ನೇರ ಅವಳ ಮುಖಕ್ಕೇ ಬೀಳುತ್ತಿತ್ತು, ಅವಳು ತೋಳಿನಿಂದ ಮುಖ ಒರೆಸಿಕೊಂಡು ಮುಂದಿನ ಮರಿಗೆ ಕೈ ಹಾಕುತ್ತಿದ್ದಳು. ಇದನ್ನು ಅವಳಿಗೆ ಯಾರೂ ಕಲಿಸಿದ್ದಲ್ಲ. ಬರಬರುತ್ತ ಅದು ಎಷ್ಟು ರೂಢಿಯಾಯಿತೆಂದರೆ ತಾನು ಮಾಡುತ್ತಿದ್ದೇನೆಂದು ಅವಳಿಗೇ ತಿಳಿಯುತ್ತಿರಲಿಲ್ಲ.

ಬಿಳಿ ಪುಡಿಯ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಆ ಕಾಲದಲ್ಲಿ ತಾಯಿಯ ಹಾಲು ಬಿಡಿಸಿದ ಕೂಡಲೇ ಮರಿಗಳಿಗೆ ಭೇದಿ ಹತ್ತಿಕೊಳ್ಳುತ್ತಿತ್ತು. ಪಶುವೈದ್ಯರು ಚೀಲದಲ್ಲಿ ಆಂಟಿಬಯಾಟಿಕ್ ಪುಡಿ ತಂದುಕೊಟ್ಟರು, ಮೇವಿಗೆ ಕಲಸಿ ಎಂದರು. ಕಾಯಿಲೆ ಬಿದ್ದ ಮರಿಗೆ ಮಾತ್ರ ಅಲ್ಲ, ಎಲ್ಲ ಮರಿಗಳಿಗೂ, ಕಾಯಿಲೆ ಬರುವ ಮೊದಲೇ. ಬರ್ಟೀನ್ ಅದನ್ನು ರೊಟ್ಟಿಗೆ ಸಕ್ಕರೆ ಉದುರಿಸಿದಷ್ಟು ಸಲೀಸಾಗಿ ಕಲಸಿದಳು. ಮರಿಗಳು ಗುಂಡುಗುಂಡಾಗಿ ಬೆಳೆದವು. ಕೊಟ್ಟಿಗೆ ಒಂದಿದ್ದದ್ದು ಮೂರಾಯಿತು. ಪುಡಿ ಹಾಕದವನನ್ನು ಊರು ಸೋಮಾರಿ ಎಂದು ಆಡಿಕೊಳ್ಳುತ್ತಿತ್ತು. ಆಮೇಲೆ ಒಂದು ದಿನ ಅದೇ ಜನ, ಅದೇ ಸರ್ಕಾರ, ಪುಡಿ ಹಾಕುವವನೇ ಕಳ್ಳ ಎಂದರು. ಬರ್ಟೀನ್ ಪುಡಿ ನಿಲ್ಲಿಸಿದಳು. ಆ ಪುಡಿಗೆ ಪಳಗಿ ಬೆಳೆದಿದ್ದ ಕ್ರಿಮಿ ಮಾತ್ರ ಎಲ್ಲಿಗೂ ಹೋಗಲಿಲ್ಲ. ಕೊಟ್ಟಿಗೆಯಲ್ಲೇ, ಹಂದಿಯ ಮೂತಿಯಲ್ಲೇ, ಅವಳ ಮೂಗಿನಲ್ಲೇ ಉಳಿಯಿತು.

ಬರ್ಟೀನಳಿಗೆ ಒಬ್ಬಳೇ ಮಗಳು, ಯೋಲಿನ್. ಅವಳಿಗೆ ಹಂದಿ ಎಂದರೆ ಆಗದು. ನಗರದಲ್ಲಿ ಬಸ್ ಓಡಿಸುತ್ತಾಳೆ. ಮೂವತ್ತೆಂಟು ತುಂಬಿದ ಮೇಲೆ ಒಂದು ಭಾನುವಾರ ಬಂದು, ಗಂಡ ಬೇಡ, ಮಗು ಬೇಕು, ಆಸ್ಪತ್ರೆಯ ಮೂಲಕ ಬಸುರಾಗುತ್ತೇನೆ ಎಂದು ಹೇಳಿ ಅಪ್ಪ ಅಮ್ಮನ ಮುಖ ನೋಡುತ್ತ ಕೂತಳು. ದ್ರೀಕ್ ಕಾಫಿ ಕಲಕಿದ, ಮತ್ತೆ ಕಲಕಿದ.

"ಅದಕ್ಯಾಕೆ ಇಷ್ಟು ಸಂಕೋಚ?" ಎಂದ. "ನಮ್ಮ ಹಂದಿಗಳಿಗೆ ಎಷ್ಟು ವರ್ಷದಿಂದ ಗಂಡು ಸೀಸೇಲೇ ಬರ್ತಿದೆ."

"ಅಪ್ಪಾ!" ಎಂದು ಯೋಲಿನ್ ಚೀರಿದಳು. ಆಮೇಲೆ ಮೂವರೂ ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು.

ಮಗು ಬಂತು. ಆದರೆ ತಿಂಗಳು ತುಂಬುವ ಮೊದಲೇ, ತೀರ ಮೊದಲೇ ಬಂತು. ಯೋಲಿನಳ ರಕ್ತದೊತ್ತಡ ಏರಿ, ಹೊಟ್ಟೆ ಕೊಯ್ದು ತೆಗೆಯಬೇಕಾಯಿತು. ಫೆನ್ನ ಎಂದು ಹೆಸರಿಟ್ಟರು. ಬರ್ಟೀನ್ ಗಾಜಿನ ಪೆಟ್ಟಿಗೆಯಲ್ಲಿ ಅವಳನ್ನು ಮೊದಲ ಸಲ ನೋಡಿದಾಗ ಮನಸ್ಸಿಗೆ ಬಂದದ್ದನ್ನು ಬಾಯಿಬಿಟ್ಟು ಹೇಳಲಿಲ್ಲ. ಅವಳ ಕೊಟ್ಟಿಗೆಯಲ್ಲಿ ಹುಟ್ಟುವ ಮರಿಗಳು ಇದಕ್ಕಿಂತ ದೊಡ್ಡವಿದ್ದವು.

ಆ ವಾರ್ಡಿನ ನರ್ಸ್ ಮರೈಕ ಎಂಬಾಕೆ ಎಲ್ಲವನ್ನೂ ಬಿಡಿಸಿ ಹೇಳಿದಳು. ಇಷ್ಟು ಬೇಗ ಹುಟ್ಟಿದ ಮಗುವನ್ನು ದಿನಕ್ಕೆ ಹಲವು ತಾಸು ಯಾರಾದರೂ ಬರಿ ಎದೆಯ ಮೇಲೆ ಮಲಗಿಸಿಕೊಂಡರೆ ಅದರ ಉಸಿರು ನೆಟ್ಟಗಾಗುತ್ತದೆ, ಮೈ ಬೆಚ್ಚಗಾಗುತ್ತದೆ. ಚರ್ಮಕ್ಕೆ ಚರ್ಮ ತಾಗಬೇಕು. ಯೋಲಿನಳ ಗಾಯ ಇನ್ನೂ ಹಸಿ, ಹೆಚ್ಚು ಹೊತ್ತು ಕೂರಲು ಅವಳ ಕೈಲಾಗದು. ಸಾಮಾನ್ಯವಾಗಿ ಅಪ್ಪ ಇರುತ್ತಾನೆ, ಇಲ್ಲಿ ಇನ್ನೊಬ್ಬರನ್ನು ಹೇಳಿ ಎಂದಳು.

"ಅಮ್ಮ," ಎಂದಳು ಯೋಲಿನ್ ಯೋಚಿಸದೆ.

"ಆಗ್ಲಿ. ಬರ್ಟೀನ್, ನಿಮ್ಮನೇಲಿ ಹಂದಿ ಗಿಂದಿ ಇಲ್ಲ ತಾನೆ?" ಎಂದಳು ಮರೈಕ.

"ಇದೆ," ಎಂದಳು ಬರ್ಟೀನ್. ಅಷ್ಟು ವರ್ಷ ನಗುವಿಗೆ ಒದಗಿದ್ದ ಪ್ರಶ್ನೆ ಅದು.

ದಾರಿ ಇಲ್ಲದಿರಲಿಲ್ಲ. ಮೂಗಿಗೆ ಮುಲಾಮು, ಮೈಗೆ ಆಸ್ಪತ್ರೆಯ ಸೋಪು, ಗಂಟಲಿಗೆ ಔಷಧಿ ನೀರು. ಹಾಸಿಗೆ ಬಟ್ಟೆ ದಿನವೂ ಬಿಸಿ ನೀರಿನಲ್ಲಿ ಒಗೆಯಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಹಂದಿಯ ನೆರಳಿಗೂ ಹೋಗಬಾರದು, ದ್ರೀಕನ ಕೋಟನ್ನೂ ಮುಟ್ಟಬಾರದು. ಆಮೇಲೆ ವಾರ ವಾರ ಮೂಗಿಗೆ ಕಡ್ಡಿ. ಮೂರು ಸಲ ಕ್ರಿಮಿ ಇಲ್ಲವೆಂದು ಬಂದರೆ ಮಗು ಅವಳ ಎದೆಗೆ. ಅಲ್ಲಿಯವರೆಗೆ ಹಳದಿ ಅಂಗಿ, ಗ್ಲೌಸ್, ಮಾಸ್ಕ್, ಗಾಜಿನ ಪೆಟ್ಟಿಗೆಯ ಪಕ್ಕ ಒಂದು ಕುರ್ಚಿ. ಬರ್ಟೀನ್ ಅಂದೇ ಯೋಲಿನಳ ಫ್ಲ್ಯಾಟಿಗೆ ಹೋಗಿ ಉಳಿದಳು. ಉಟ್ಟ ಬಟ್ಟೆಯನ್ನೆಲ್ಲ ಚೀಲಕ್ಕೆ ಹಾಕಿ ಕಟ್ಟಿಟ್ಟು, ಒಳ ಅಂಗಿಯಿಂದ ಹಿಡಿದು ಎಲ್ಲವನ್ನೂ ಹೊಸದಾಗಿ ಕೊಂಡಳು. ಹಂದಿಯ ವಾಸನೆ ಇಲ್ಲದ ತನ್ನ ಮೈ ಅವಳಿಗೆ ಯಾರದೋ ಮೈಯಂತೆ ಅನ್ನಿಸಿತು. ಆದರೂ ಸಂತೋಷವಾಗಿತ್ತು. ಮಗುವಿಗೆ ತನ್ನಿಂದ ಒಂದು ಉಪಯೋಗವಿದೆ ಎಂಬ ಸಂತೋಷ.

ಮೊದಲ ಪರೀಕ್ಷೆ ಸರಿಯಾಗಿ ಬಂತು. ಎರಡನೆಯದೂ ಸರಿಯಾಗಿ ಬಂತು. ಮೂರನೆಯ ಕಡ್ಡಿಯನ್ನು ಶುಕ್ರವಾರ ತೆಗೆದುಕೊಂಡರು, ಸೋಮವಾರ ಹೇಳುತ್ತೇವೆ ಎಂದರು.

ನಡುವಿನ ಭಾನುವಾರ ದ್ರೀಕನ ಹುಟ್ಟುಹಬ್ಬ.

ನಮ್ಮ ಕಡೆ ಹೆಣ ಹೊರುವುದನ್ನು ಬೇಕಾದರೆ ತಪ್ಪಿಸಬಹುದು, ಹುಟ್ಟುಹಬ್ಬ ತಪ್ಪಿಸುವಂತಿಲ್ಲ. ಕುರ್ಚಿಗಳನ್ನು ಗೋಡೆಗುಂಟ ವೃತ್ತವಾಗಿ ಇಡುತ್ತಾರೆ. ಬಂದವರು ಹುಟ್ಟುಹಬ್ಬದವನನ್ನು ಮಾತ್ರವಲ್ಲ, ಅವನ ಹೆಂಡತಿಯನ್ನು, ಅಕ್ಕನನ್ನು, ಭಾವನನ್ನು, ವೃತ್ತದಲ್ಲಿ ಕೂತ ಪ್ರತಿಯೊಬ್ಬರನ್ನೂ ಕೈ ಕುಲುಕಿ, ಕೆನ್ನೆಗೆ ಮೂರು ಮೂರು ಸಲ ಮುತ್ತಿಟ್ಟು ಅಭಿನಂದಿಸಬೇಕು. ಬರ್ಟೀನ್ ಹಂದಿಯ ಮನೆಗೆ ಬರುವಂತಿರಲಿಲ್ಲ. ಹಾಗಾಗಿ ದ್ರೀಕನ ಅಕ್ಕ ಟ್ರೂಸ್ ತನ್ನ ಮನೆಯಲ್ಲೇ ಕುರ್ಚಿ ಹಾಕಿದಳು. ಬರ್ಟೀನ್ ಬಸ್ ಹಿಡಿದು ಬಂದಳು. ಎಲ್ಲರೂ ವಿಷಯ ತಿಳಿದವರೇ. ಕೆನ್ನೆ ಕೊಡದೆ ದೂರದಿಂದ ಗಾಳಿಯಲ್ಲಿ ಮುತ್ತಿಟ್ಟರು.

ಕೇಕ್ ಕತ್ತರಿಸುವ ಹೊತ್ತಾಯಿತು, ದ್ರೀಕನ ಸುಳಿವಿಲ್ಲ. ಜನ ಬಂದು ಬಂದು ಹುಟ್ಟುಹಬ್ಬದವನೇ ಇಲ್ಲದ ವೃತ್ತದಲ್ಲಿ ಒಬ್ಬರನ್ನೊಬ್ಬರು ಅಭಿನಂದಿಸುತ್ತ ಹೋದರು.

"ನಿನ್ನ ಗಂಡ ಬದುಕಿದಾನೋ ಇಲ್ವೋ ನೋಡ್ಬಾರದಾ? ಫೋನೂ ಎತ್ತಲ್ಲ," ಎಂದಳು ಟ್ರೂಸ್. "ನಾನ್ ಹೋಗೋಣ ಅಂದ್ರೆ ಒಲೆ ಮೇಲೆ ಸೂಪು."

"ಎಲ್ಲಿಗ್ ಹೋಗ್ತಾನೆ? ಕೊಟ್ಟಿಗೇಲಿರ್ತಾನೆ. ಗೇಟ್ ಹತ್ರ ನಿಂತು ನಾಲ್ಕು ಬೈದು ಬರ್ತೀನಿ," ಎಂದು ಬರ್ಟೀನ್ ಟ್ರೂಸಳ ಸೈಕಲ್ ಹತ್ತಿದಳು.

ಅವಳು ಗೇಟಿನ ಹತ್ತಿರವೇ ನಿಂತಳು. ಇದನ್ನು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಊರಿನಲ್ಲಿ ಆಮೇಲೆ ಬೇರೆ ಥರ ಮಾತಾಡಿದರು. ಅವಳು ಗೇಟಿನಿಂದಲೇ ಕೂಗಿದಳು. ಒಳಗಿನಿಂದ ಹಂದಿಯ ಅರಚಾಟ ಕೇಳಿತು. ಎಂಥ ಅರಚಾಟವೆಂದು ಅವಳಿಗೆ ಮೊದಲ ಸದ್ದಿಗೇ ಗೊತ್ತಾಯಿತು.

ದ್ರೀಕ್ ಹೊರಗೆ ಬಂದ. ತೋಳು ಭುಜದವರೆಗೆ ಒದ್ದೆ, ಮುಖ ಬೆಳ್ಳಗೆ.

"ಚೊಚ್ಚಲು ಹಂದಿ ಕಣೇ. ಮರಿ ಅಡ್ಡ ಸಿಕ್ಕೊಂಡಿದೆ. ಬೆಳಗಿಂದ ನೋಡ್ತಿದೀನಿ, ನನ್ನ ಕೈ ಹೋಗ್ತಿಲ್ಲ."

"ಡಾಕ್ಟ್ರಿಗೆ ಫೋನ್ ಮಾಡು."

"ಮಾಡ್ದೆ. ಇನ್ನೆಲ್ಲೋ ಇದಾರೆ, ಎರಡು ತಾಸು ಅಂದ್ರು. ಅಷ್ಟ್ರಲ್ಲಿ ಇದು ಸಾಯುತ್ತೆ." ಅವನು ಗೇಟಿನ ಆ ಕಡೆ ನಿಂತು ತನ್ನ ದಪ್ಪ ಕೈಯನ್ನೇ ನೋಡಿಕೊಂಡ. "ನೀನು ಹೋಗು ಬರ್ಟೀನ್. ಬರಬೇಡ ನೀನು. ಹೋಗು."

ಅವಳು ಹೋಗಲಿಲ್ಲ. ಬ್ಯಾಗಿನಲ್ಲಿ ಆಸ್ಪತ್ರೆಯವರು ಕೊಟ್ಟ ಮಾಸ್ಕ್, ಗ್ಲೌಸ್, ತಲೆಯ ಟೋಪಿ ಇದ್ದವು. ಮಾಸ್ಕಿನ ಮೇಲೆ ಇನ್ನೊಂದು ಮಾಸ್ಕ್ ಹಾಕಿದಳು, ಗ್ಲೌಸಿನ ಮೇಲೆ ಗ್ಲೌಸ್ ಹಾಕಿದಳು. ಆಸ್ಪತ್ರೆಯಲ್ಲಿ ಅವರು ಇವೇ ಹಾಕಿಕೊಂಡು ತಾನೆ ನನ್ನ ಕ್ರಿಮಿ ತಡೆಯುವುದು, ಇಲ್ಲಿ ನಾನು ಹಾಕಿಕೊಂಡು ಹಂದಿಯದನ್ನು ತಡೆದರೆ ಆಯಿತು ಎಂದು ಲೆಕ್ಕ ಹಾಕಿದಳು. ಲೆಕ್ಕ ತೀರ ತಪ್ಪೇನಾಗಿರಲಿಲ್ಲ. ಹೊರಗೆ ಬಂದ ಮೇಲೆ ಸೋಪು ಹಚ್ಚಿ ಸ್ನಾನ, ಬಟ್ಟೆ ಸುಡುವುದು, ಎಲ್ಲವನ್ನೂ ಮನಸ್ಸಿನಲ್ಲೇ ಜೋಡಿಸಿಕೊಂಡು ಒಳಗೆ ಹೋದಳು.

ಕೈ ಹೋಯಿತು. ಅಡ್ಡ ಬಿದ್ದ ಮರಿಯ ಕಾಲು ಹುಡುಕಿ, ಹಿಂದಕ್ಕೆ ತಳ್ಳಿ, ತಿರುಗಿಸಿ ಎಳೆದಳು. ಅದು ಸತ್ತೇ ಬಂತು. ಅದರ ಹಿಂದೆ ಒಂದು ಬದುಕಿ ಬಂತು, ಇನ್ನೊಂದು ಬಂತು. ನಾಲ್ಕನೆಯದು ಅಂಗೈಯಲ್ಲಿ ಜೋತಾಡಿತು. ದ್ರೀಕ್ ಬಕೆಟ್ ಮುಂದೆ ಚಾಚಿದ. ಬರ್ಟೀನ್ ಲೋಳೆ ಒರೆಸಿದಳು, ಮಾಸ್ಕ್ ಕೆಳಕ್ಕೆ ಎಳೆದಳು, ಮೂತಿಯನ್ನು ಬಾಯಿಗಿಟ್ಟು ಊದಿದಳು. ಕಾಫಿ ಆರಿಸುವಷ್ಟೇ ಮೆಲ್ಲಗೆ, ಮತ್ತೆ, ಮತ್ತೆ.

ಮರಿ ಅವಳ ಮುಖಕ್ಕೆ ಸೀನಿತು.

ತೋಳಿನಿಂದ ಒರೆಸಿಕೊಳ್ಳಲು ಹೋದವಳು ಅಲ್ಲೇ ನಿಂತಳು. ಕುತ್ತಿಗೆಯಲ್ಲಿ ಎರಡು ಮಾಸ್ಕ್ ಜೋತಾಡುತ್ತಿದ್ದವು. ತುಟಿಯ ಮೇಲೆ ಉಪ್ಪುಪ್ಪು ರುಚಿ. ಅವಳು ದ್ರೀಕನನ್ನು ನೋಡಿದಳು, ದ್ರೀಕ್ ಬಕೆಟ್ ಹಿಡಿದುಕೊಂಡೇ ಅವಳನ್ನು ನೋಡಿದ.

"ಅಯ್ಯೋ ಬರ್ಟೀನ್," ಎಂದ.

"ನಾನೇನ್ ಮಾಡ್ದೆ ದ್ರೀಕ್? ನಾನೇನ್ ಮಾಡ್ಬಿಟ್ಟೆ?"

ಅವನು ಬಕೆಟ್ ಕೆಳಗಿಟ್ಟ. ಹಂದಿಯ ಕಡೆ ತಿರುಗಿಕೊಂಡು, "ನಾನ್ ಏನೂ ನೋಡಿಲ್ಲ," ಎಂದ. "ಶುಕ್ರವಾರದ ಕಡ್ಡಿ ಶುಕ್ರವಾರದ್ದು. ಯಾರಿಗೂ ಹೇಳ್ಬೇಡ. ಮುಖ ತೊಳ್ಕೊ."

ಅವಳು ಮುಖ ತೊಳೆದಳು. ಚರ್ಮ ಕೆಂಪಾಗುವವರೆಗೆ ತೊಳೆದಳು. ಮೂಗಿನೊಳಗೆ ಬೆರಳು ಹಾಕಿ ಸೋಪು ಉಜ್ಜಿದಳು. ಹುಟ್ಟುಹಬ್ಬದ ಕೇಕ್ ಯಾರು ತಿಂದರೋ ಅವಳಿಗೆ ಗೊತ್ತಿಲ್ಲ.

ಸೋಮವಾರ ಬೆಳಗ್ಗೆ ಅವಳು ಆಸ್ಪತ್ರೆಗೆ ಹೋದಾಗ, ಗಾಯ ಇನ್ನೂ ಮಾಯದ ಯೋಲಿನ್ ಗಾಲಿ ಕುರ್ಚಿಯಲ್ಲಿ ವಾರ್ಡಿನ ಬಾಗಿಲಿಗೇ ಬಂದು ಕಾಯುತ್ತಿದ್ದಳು. ಮಗಳ ಮುಖ ಹೀಗೆ ಅರಳಿದ್ದನ್ನು ಬರ್ಟೀನ್ ಅವಳ ಬಾಲ್ಯದಲ್ಲಿ ನೋಡಿದ್ದು.

"ಅಮ್ಮಾ, ಕ್ಲೀನ್! ಮೂರನೇದೂ ಕ್ಲೀನ್! ಮರೈಕ ಆಗಲೇ ಕುರ್ಚಿ ಹಾಕಿದಾಳೆ, ನಿಂಗೋಸ್ಕರ. ಬಾ, ಕೈ ತೊಳ್ಕೊ, ಅಂಗಿ ಬಿಚ್ಚು. ಏನಮ್ಮ ಹಂಗೆ ನಿಂತಿದೀಯ?"

ಗಾಜಿನ ಪೆಟ್ಟಿಗೆಯ ಪಕ್ಕ ಒರಗು ಕುರ್ಚಿ ಇತ್ತು. ಅದರ ಮೇಲೆ ಮಡಿಸಿದ ಮೆತ್ತನೆಯ ಹೊದಿಕೆ ಇತ್ತು. ಅವಳ ಎದೆಯ ಮೇಲೆ ಮಗುವನ್ನಿಟ್ಟು ಹೊದಿಸಲೆಂದು ತಂದದ್ದು. ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಹೈಡರೋಡಿನಲ್ಲಿ ಇವತ್ತಿಗೂ ಹೇಳುವವರಿದ್ದಾರೆ, ಬಾಯಿ ಮುಚ್ಚಿಕೊಂಡಿರಬೇಕಿತ್ತು ಎಂದು. ಹೇಳುವವರಿಗೇನು, ಆ ಪೆಟ್ಟಿಗೆಯಲ್ಲಿ ಮಲಗಿದ್ದು ಅವರ ಮೊಮ್ಮಗಳಲ್ಲ.

"ನಿನ್ನೆ ನಾನು ಕೊಟ್ಟಿಗೆಗೆ ಹೋಗಿದ್ದೆ," ಎಂದಳು ಬರ್ಟೀನ್.

ಅವಳು ಎಲ್ಲವನ್ನೂ ಹೇಳಿದಳು. ಕೇಳುತ್ತ ಕೇಳುತ್ತ ಯೋಲಿನಳ ಮುಖ ಮುದುಡಿತು.

"ಹಂದಿಗೆ," ಎಂದಳು. "ಒಂದು ಹಂದಿ ಮರಿಗೆ ಊದಿದೆಯಾ."

"ಗೊತ್ತಾಗ್ಲಿಲ್ಲ ಮಗಾ. ಕೈಗೆ ಬಂತು, ಊದಿಬಿಟ್ಟೆ."

"ಇಲ್ಲಿ ಇವಳಿಗೆ ನಿನ್ನ ಮೈ ಬೇಕಿತ್ತು. ಅಷ್ಟೇ ಬೇಕಿದ್ದಿದ್ದು ಅಮ್ಮ. ಬೇರೇನೂ ಕೇಳಿರ್ಲಿಲ್ಲ ನಾನು." ಯೋಲಿನ್ ಗಾಲಿ ಕುರ್ಚಿ ತಿರುಗಿಸಲು ನೋಡಿದಳು, ಗಾಯ ಎಳೆದು ಅರ್ಧಕ್ಕೇ ನಿಂತಳು. "ಬದುಕ್ತಾ ಅದು? ಆ ಮರಿ?"

"ಬದುಕ್ತು," ಎಂದಳು ಬರ್ಟೀನ್. ಜೀವಮಾನದಲ್ಲಿ ಅವಳು ನಾಚಿಕೊಂಡು ಹೇಳಿದ ಮಾತು ಅದೊಂದೇ.

ಮರೈಕ ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ಮತ್ತೆ ಕಡ್ಡಿ ಹಾಕಿದಳು. ಕ್ರಿಮಿ ಇತ್ತು. ಮುಲಾಮು, ಸೋಪು, ಔಷಧಿ ನೀರು ಎಲ್ಲ ಮೊದಲಿನಿಂದ ಶುರುವಾಯಿತು. ಒರಗು ಕುರ್ಚಿಯನ್ನು ಪಕ್ಕದ ಪೆಟ್ಟಿಗೆಯ ಮಗುವಿನ ಅಪ್ಪನಿಗೆ ಒಯ್ದರು. ಬರ್ಟೀನಳಿಗೆ ಹಳೆಯ ಮರದ ಕುರ್ಚಿ ಮತ್ತೆ ಬಂತು. ಅವಳು ಹಳದಿ ಅಂಗಿಯೊಳಗೆ ಬೆವರುತ್ತ ಕೂತು, ಮಗುವಿನ ಎದೆ ಏರುವುದನ್ನೂ ಇಳಿಯುವುದನ್ನೂ ನೋಡುತ್ತಿದ್ದಳು. ಒಮ್ಮೊಮ್ಮೆ ಆ ಎದೆ ಏರುವುದು ಮರೆಯುತ್ತಿತ್ತು. ಯಂತ್ರ ಕೂಗುತ್ತಿತ್ತು, ನರ್ಸ್ ಬಂದು ಪಾದ ತಟ್ಟಿದರೆ ಮಗುವಿಗೆ ನೆನಪಾಗುತ್ತಿತ್ತು. ಬರ್ಟೀನಳ ಬಾಯಿ ಮಾಸ್ಕಿನೊಳಗೆ ತಾನಾಗಿ ದುಂಡಗಾಗುತ್ತಿತ್ತು. ಅವಳು ತುಟಿಯನ್ನು ಹಲ್ಲಿನಿಂದ ಕಚ್ಚಿ ಹಿಡಿಯುತ್ತಿದ್ದಳು.

ಯೋಲಿನ್ ಕೆಲವು ದಿನ ಮಾತು ಬಿಟ್ಟಳು. ಆಮೇಲೆ ಒಂದು ಮಧ್ಯಾಹ್ನ ಮಗು ಎದೆಯ ಮೇಲಿರುವಾಗ ತಾನೇ ಕರೆದಳು.

"ಅಮ್ಮ, ಇಲ್ಲಿ ಬಾ. ಗ್ಲೌಸ್ ಇದ್ರೆ ಬೆರಳು ಕೊಡಬಹುದಂತೆ. ಕೊಡು."

ಬರ್ಟೀನ್ ಕಿರುಬೆರಳು ಕೊಟ್ಟಳು. ಫೆನ್ನ ಹಿಡಿದಳು. ಹಿಡಿತ ಇದೆಯೆಂದು ತಿಳಿಯಿತು, ಆದರೆ ಬೆಚ್ಚಗಿದೆಯೋ ತಣ್ಣಗಿದೆಯೋ, ಒಣಗಿದೆಯೋ ಒದ್ದೆಯೋ ಏನೂ ತಿಳಿಯಲಿಲ್ಲ. ಹಂದಿಯ ಹೊಟ್ಟೆಯ ಕತ್ತಲಲ್ಲಿ ಎಲ್ಲವನ್ನೂ ಕಂಡ ಬೆರಳು ಅದು. ಇಲ್ಲಿ ಕಣ್ಣೆದುರಿಗೇ ಇದ್ದದ್ದನ್ನು ಕಾಣಲಾರದೆ ಹೋಯಿತು.

"ಇನ್ನೊಂದು ಸಲ ಶುರು ಮಾಡಿದೀವಲ್ಲ, ಆಗುತ್ತೆ ಬಿಡು," ಎಂದಳು ಯೋಲಿನ್. ಅಮ್ಮನಿಗೆ ಸಮಾಧಾನ ಹೇಳುವ ಮಗಳ ಕಣ್ಣಿನ ಕೆಳಗೆ ಕಪ್ಪು ಕಟ್ಟಿತ್ತು.

ಆದರೆ ಫೆನ್ನಳ ಹೊಟ್ಟೆ ಊದಿಕೊಂಡಿತು. ಮೊದಲು ಗಾಳಿ ಎಂದರು. ಮಾರನೆಯ ದಿನ ಚರ್ಮ ನೀಲಿಗಟ್ಟಿ ಹೊಳೆಯಿತು. ತುಂಬ ಬೇಗ ಹುಟ್ಟಿದ ಮಕ್ಕಳಿಗೆ ಕರುಳು ಕೆಡುತ್ತದೆ, ಕೆಲವಕ್ಕೆ ಕೊಳೆತೇ ಹೋಗುತ್ತದೆ ಎಂದು ಡಾಕ್ಟರು ವಿವರಿಸಿದರು. ಆಂಟಿಬಯಾಟಿಕ್ ಹನಿ ಹನಿಯಾಗಿ ಒಳಗೆ ಹೋಗುತ್ತಿತ್ತು. ಬರ್ಟೀನ್ ಆ ಸೀಸೆಯನ್ನೇ ನೋಡಿದಳು. ಕಾರಿಡಾರಿನಲ್ಲಿ ಮರೈಕಳ ತೋಳು ಹಿಡಿದು ನಿಲ್ಲಿಸಿದಳು.

"ನಿಜ ಹೇಳಿ. ನಂದೇನಾ ಅದು? ನನ್ನ ಮೂಗಿಂದ ಹೋಯ್ತಾ?"

"ಅಲ್ಲ ಬರ್ಟೀನ್. ದಿನಾ ನೋಡ್ತೀವಿ ನಾವು. ನಿಮ್ಮ ಕ್ರಿಮಿ ಅವಳ ಹತ್ರ ಬಂದೇ ಇಲ್ಲ. ಇದು ಯಾರ ತಪ್ಪೂ ಅಲ್ಲ."

"ಹಾಗಾದ್ರೆ ನಾನು ಎದೆ ಮೇಲೆ ಹಾಕ್ಕೊಂಡಿದ್ರೆ ಹಿಂಗಾಗ್ತಿರ್ಲಿಲ್ವಾ?"

"ಅದು ಯಾರಿಗೂ ಗೊತ್ತಿಲ್ಲ," ಎಂದಳು ಮರೈಕ.

ಆಗುತ್ತಿರಲಿಲ್ಲ ಎಂದಿದ್ದರೆ ಬರ್ಟೀನ್ ಆ ತಪ್ಪನ್ನು ಹೊತ್ತುಕೊಂಡು ಹೋಗುತ್ತಿದ್ದಳು. ಹೇಗಿದ್ದರೂ ಆಗುತ್ತಿತ್ತು ಎಂದಿದ್ದರೆ ಇಳಿಸುತ್ತಿದ್ದಳು. ಗೊತ್ತಿಲ್ಲ ಎಂಬುದನ್ನು ಏನು ಮಾಡಬೇಕೆಂದು ಅವಳಿಗೆ ತಿಳಿಯಲಿಲ್ಲ.

ಎರಡು ದಿನ ಕಳೆದ ಮೇಲೆ, ಬೆಳಗಿನ ಬಿಸಿಲು ವಾರ್ಡಿನ ನೆಲಕ್ಕೆ ಬಿದ್ದಿದ್ದ ಹೊತ್ತಿನಲ್ಲಿ, ಬರ್ಟೀನ್ ಎಂದಿನಂತೆ ಬಾಗಿಲ ಬಳಿ ಹಳದಿ ಅಂಗಿಗೆ ಕೈ ಹಾಕಿದಳು. ಮರೈಕ ಬಂದು ಅವಳ ಕೈ ಹಿಡಿದು ತಡೆದಳು. ಮರೈಕಳ ಕೈಯಲ್ಲೂ ಗ್ಲೌಸ್ ಇರಲಿಲ್ಲ.

"ಇವತ್ತು ಅಂಗಿ ಬೇಡ ಬರ್ಟೀನ್," ಎಂದಳು. "ಗ್ಲೌಸೂ ಬೇಡ. ಮಾಸ್ಕ್ ತೆಗೀರಿ."

ಬರ್ಟೀನ್ ಸಂತೋಷದಿಂದ ಮಾಸ್ಕ್ ಕಿತ್ತು ತೆಗೆದಳು. "ಕ್ಲೀನ್ ಬಂತಾ? ಇಷ್ಟ್ ಬೇಗ?" ಎಂದಳು.

ಮರೈಕ ಇಲ್ಲವೆಂದು ತಲೆಯಲ್ಲಾಡಿಸಿದಳು. ಅವಳ ಹೆಗಲ ಮೇಲಿಂದ ಬರ್ಟೀನ್ ಒಳಗೆ ನೋಡಿದಳು. ಯಂತ್ರಗಳು ಕೂಗುತ್ತಿರಲಿಲ್ಲ, ಯಾರೋ ಅವುಗಳ ಸದ್ದು ಆರಿಸಿದ್ದರು. ದ್ರೀಕ್ ಇದ್ದ. ಕೊಟ್ಟಿಗೆಯ ಬೂಟಿನಲ್ಲೇ ಓಡಿ ಬಂದಿದ್ದ, ಅವನನ್ನು ಯಾರೂ ತಡೆದಿರಲಿಲ್ಲ. ಕಿಟಕಿಯ ಪಕ್ಕ ಒಂದಕ್ಕೊಂದು ಅಂಟಿಸಿ ಎರಡು ಒರಗು ಕುರ್ಚಿ ಹಾಕಿದ್ದರು. ಒಂದರಲ್ಲಿ ಯೋಲಿನ್ ಮಗುವನ್ನು ಎದೆಗಪ್ಪಿಕೊಂಡು ಕೂತಿದ್ದಳು. ಫೆನ್ನಳ ಮೂಗಿನಲ್ಲಿ ಹುಟ್ಟಿದಂದಿನಿಂದ ಇದ್ದ ಉಸಿರಿನ ನಳಿಕೆಯನ್ನು ತೆಗೆದುಬಿಟ್ಟಿದ್ದರು. ಅವಳ ಪೂರ್ತಿ ಮುಖವನ್ನು ಬರ್ಟೀನ್ ನೋಡಿದ್ದು ಅಂದೇ ಮೊದಲು.

"ಅಮ್ಮ," ಎಂದಳು ಯೋಲಿನ್. "ಬಾ, ತಗೋ ಇವಳನ್ನ. ಈಗ ನೀನು ಎತ್ಕೋಬಹುದಂತೆ."

ಬರ್ಟೀನ್ ಅಂಗಿಯ ಗುಂಡಿ ಬಿಚ್ಚಿದಳು. ಒಂದು ಗುಂಡಿ ಬಿಚ್ಚಲಾಗಲಿಲ್ಲ, ದ್ರೀಕ್ ತನ್ನ ದಪ್ಪ ಕೈಯಿಂದ ಅದನ್ನು ಕಿತ್ತೇಬಿಟ್ಟ. ಅವಳು ಕೂತಳು. ಮರೈಕ ಮಗುವನ್ನು ತಂದು ಅವಳ ಬರಿ ಎದೆಯ ಮೇಲೆ ಮಲಗಿಸಿ ಹೊದಿಕೆ ಹೊದಿಸಿದಳು. ಬರ್ಟೀನ್ ಹೊದಿಕೆಯ ಕೆಳಗೆ ಕೈ ತೂರಿಸಿ ಆ ಬೆನ್ನಿನ ಮೇಲೆ ಅಂಗೈ ಇಟ್ಟಳು. ಬೆಚ್ಚಗಿತ್ತು. ಒಣಗಿತ್ತು. ಬೆನ್ನು ಅವಳ ಅಂಗೈಗೆ ಸರಿಯಾಗಿತ್ತು.

ಉಸಿರು ಬಂತು, ಹೋಯಿತು. ತಡವಾಗಿ ಮತ್ತೊಂದು ಬಂತು. ಯೋಲಿನ್ ಪಕ್ಕದ ಕುರ್ಚಿಯಿಂದ ಅಮ್ಮನ ಭುಜಕ್ಕೆ ತಲೆಯಿಟ್ಟಳು.

ಆಮೇಲೆ ಉಸಿರು ಬರಲಿಲ್ಲ. ಬರ್ಟೀನ್ ಕಾದಳು. ಅವಳ ತುಟಿಯ ಎದುರಿಗೇ, ಒಂದು ಗೇಣಿನಷ್ಟೂ ದೂರವಿಲ್ಲದೆ, ಆ ಪುಟ್ಟ ಬಾಯಿ ಅರೆ ತೆರೆದಿತ್ತು. ಎಷ್ಟು ಮೆಲ್ಲಗೆ ಊದಬೇಕೆಂದು ಅವಳಿಗೆ ಗೊತ್ತಿತ್ತು. ಊದಿದರೂ ಆಗುವುದೇನಿಲ್ಲ ಎಂದೂ ಗೊತ್ತಿತ್ತು. ಅವಳು ತುಟಿ ಬಿಗಿದುಕೊಂಡು ಮರೈಕಳತ್ತ ನೋಡಿದಳು.

"ಮುತ್ತು ಕೊಡಬಹುದಾ?" ಎಂದು ಕೇಳಿದಳು.